ನಮ್ಮ ಗೇಟಿನ ಎದುರಿನ ವೈನ್ ಶಾಪಿಗೆ ನಾನು ಕೊಟ್ಟೆನೆನ್ನಲಾದ ಒಪ್ಪಿಗೆ

ನಜ್ಮಾ ಬಡಾವಣೆ, ದೋಹಾ, ಕತಾರ್

ನೇರೊಳ್‌ಪದವು ಗ್ರಾಮ ಪಂಚಾಯತಿಯ ಅಧ್ಯಕ್ಷರಿಗೆ, ಉಪಾಧ್ಯಕ್ಷರಿಗೆ, ಕೈ ಎತ್ತಿದ ಸದಸ್ಯರಿಗೆ ಮತ್ತು ನಿದ್ದೆಯಲ್ಲಿ ಕೈ ಎತ್ತಿದ ಸದಸ್ಯರಿಗೆ,

ಮಾನ್ಯರೇ,

ಸಮುದ್ರದ ಈಚೆ ಕಡೆಯಿಂದ, ಕತ್ತರಿ ಬದಿಗಿಟ್ಟು, ಇದ್ದುದರಲ್ಲಿ ಒಳ್ಳೆಯ ಅಂಗಿ ತೊಟ್ಟು ಕುಳಿತು ತಮಗೆಲ್ಲ ನಮಸ್ಕಾರ ಬರೆಯುತ್ತಿದ್ದೇನೆ. ತಾವು ಕ್ಷೇಮವಾಗಿರಬೇಕು, ತಮ್ಮ ಲಿವರ್‌ಗಳೂ ಕ್ಷೇಮವಾಗಿರಬೇಕು. ನಾನು ಗಿರಿಯಪ್ಪ ಟೈಲರ್, ವಯಸ್ಸು ಅರವತ್ತೇಳು, ಓದಿದ್ದು ಐದನೇ ಕ್ಲಾಸು, ಅದರ ಪರೀಕ್ಷೆಗೂ ಹೋಗಿಲ್ಲ. ಮೂವತ್ತೊಂದು ವರ್ಷದಿಂದ ಇಲ್ಲಿಯ ಒಂದು ಅಂಗಡಿಯಲ್ಲಿ ಹೋಟೆಲಿನವರ, ಆಸ್ಪತ್ರೆಯವರ ಯೂನಿಫಾರ್ಮ್ ಕತ್ತರಿಸುತ್ತಿದ್ದೇನೆ. ಈ ತಿಂಗಳ ಹದಿನೆಂಟಕ್ಕೆ ವೀಸಾ ರದ್ದು ಮಾಡಿಸಿ, ಪೆಟ್ಟಿಗೆ ಕಟ್ಟಿ, ಪೂರ್ತಿಯಾಗಿ ಊರಿಗೆ ಬರುವವನಿದ್ದೇನೆ. ನನ್ನ ಬರವಣಿಗೆಯ ತಪ್ಪುಗಳನ್ನು ತಾವು ಕ್ಷಮಿಸಬೇಕು. ತಮ್ಮ ನಿರ್ಣಯವನ್ನು ಕ್ಷಮಿಸಲು ನಾನು ಮೂರು ದಿನದಿಂದ ಪ್ರಯತ್ನಿಸಿದೆ, ಆಗಲಿಲ್ಲ.

ವಿಷಯ ತಮಗೆ ಗೊತ್ತಿರುವುದೇ. ನಮ್ಮ ಮನೆಯ ಗೇಟಿನ ಎದುರು ಇರುವ ಹಳೆಯ ಹಿಟ್ಟಿನ ಗಿರಣಿಯಲ್ಲಿ ವೈನ್ ಶಾಪ್ ತೆರೆಯಲು ಪಂಚಾಯತಿಯ ಆಕ್ಷೇಪವಿಲ್ಲ ಎಂದು ತಾವು ನಿರ್ಣಯ ಮಾಡಿದ್ದೀರಿ. ಅದರ ಫೋಟೋವನ್ನು ನನ್ನ ಹೆಂಡತಿ ಪೂವಕ್ಕ ಕಳಿಸಿದಳು. ಜೂಮ್ ಮಾಡಿ ಓದಿದೆ. ನಾಲ್ಕನೇ ಸಾಲಿನಲ್ಲಿ, 'ಎದುರು ಮನೆಯ ಮಾಲಕರಾದ ಶ್ರೀ ಗಿರಿಯಪ್ಪ, ಹಾಲಿ ವಾಸ ಕತಾರ್, ಇವರು ಸಂತೋಷದಿಂದ ಒಪ್ಪಿಗೆ ಸೂಚಿಸಿರುತ್ತಾರೆ' ಎಂದಿದೆ. ಅರವತ್ತೇಳು ವರ್ಷದಲ್ಲಿ ಸರಕಾರಿ ಕಾಗದದ ಮೇಲೆ ನನ್ನ ಸಂತೋಷದ ಬಗ್ಗೆ ಯಾರೂ ಒಂದು ಮಾತು ಬರೆದಿರಲಿಲ್ಲ. ಬರೆದವರು ತಾವೇ ಮೊದಲು.

ಈ ಸಂತೋಷ ಎಲ್ಲಿಂದ ಬಂತೆಂದು ಹುಡುಕಿದೆ. ನಮ್ಮ ವಾರ್ಡಿನ ಸದಸ್ಯ ಸೃಜನ್ ನಡೆಸುವ ವಾಟ್ಸಪ್ ಗುಂಪಿನಲ್ಲಿ, ಶುಭೋದಯದ ಗುಲಾಬಿ ಹೂವಿಗೂ ಯಾರದೋ ಮಗುವಿನ ಹುಟ್ಟುಹಬ್ಬದ ಕೇಕಿಗೂ ನಡುವೆ, ಈ ಅಂಗಡಿಯ ಬಗ್ಗೆ ಮೂವತ್ತು ಸಾಲಿನ ಒಂದು ನೋಟಿಸು ಇತ್ತು. ನಾನು ಹೂವಿಗೆ ಹೆಬ್ಬೆರಳಿನ ಚಿತ್ರ ಒತ್ತಿದ್ದೆ, ಕೇಕಿಗೆ ಒತ್ತಿದ್ದೆ, ನಡುವಿನದ್ದಕ್ಕೂ ಒತ್ತಿದ್ದೆ. ನಾವು ಗಲ್ಫಿನವರು ಹೀಗೆಯೇ, ಮಾನ್ಯರೇ: ಊರಿನಿಂದ ಏನು ಬಂದರೂ ಓದದೆ ಒತ್ತುತ್ತೇವೆ. ಒತ್ತದಿದ್ದರೆ ಗಿರಿಯಪ್ಪನಿಗೆ ಸೊಕ್ಕು ಬಂದಿದೆ ಎನ್ನುತ್ತೀರಿ. ಸೃಜನನ ಅಜ್ಜಿ ತೀರಿಕೊಂಡ ಸುದ್ದಿಗೂ ನಾನು ಒತ್ತಿದ್ದೆ. ಅದಕ್ಕೂ ನಾನು ಸಂತೋಷದಿಂದ ಒಪ್ಪಿದ್ದೆನೆಂದು ತಾವು ನಿರ್ಣಯ ಬರೆಯದೆ ಬಿಟ್ಟದ್ದು ತಮ್ಮ ದೊಡ್ಡ ಗುಣ.

ತಮ್ಮ ವೇಗವನ್ನು ಹೊಗಳದೆ ಮುಂದೆ ಹೋದರೆ ನನ್ನ ನಾಲಿಗೆ ಬಿದ್ದುಹೋದೀತು. ಅದೇ ಗೇಟಿನ ಎದುರು ಒಂದು ಬೀದಿದೀಪ ಹಾಕಿಸಿ ಎಂದು ಪೂವಕ್ಕ ಆರು ವರ್ಷದಲ್ಲಿ ಒಂಬತ್ತು ಅರ್ಜಿ ಕೊಟ್ಟಿದ್ದಾಳೆ. ಕಂಬ ಇದ್ದಾಗ ವೈರ್ ಇಲ್ಲ, ವೈರ್ ಬಂದಾಗ ಬಲ್ಬ್ ಇಲ್ಲ, ಬಲ್ಬ್ ಬಂದಾಗ ಲೈನ್‌ಮ್ಯಾನ್ ರಜೆ. ಈಗ ಅಂಗಡಿಯ ಮಾತು ಬಂದ ಒಂದೇ ವಾರದಲ್ಲಿ ಅಲ್ಲಿ ಎರಡು ದೀಪ ಉರಿಯುತ್ತಿವೆಯಂತೆ, ಹಗಲೂ ಆರಿಸುವುದಿಲ್ಲವಂತೆ. ಕುಡಿಯುವವನಿಗೆ ದಾರಿ ಕಾಣಲಿ ಎಂಬ ಈ ಕರುಣೆ, ಮಂಡಿನೋವಿನ ಹೆಂಗಸಿನ ಮೇಲೆ ಯಾಕೆ ಹುಟ್ಟಲಿಲ್ಲವೆಂದು ಕೇಳುವಷ್ಟು ನಾನು ಓದಿದವನಲ್ಲ.

ಇಲ್ಲಿಯ ಕ್ರಮವನ್ನೂ ಸ್ವಲ್ಪ ಹೇಳುತ್ತೇನೆ, ತಮಗೆ ನಗಲು ಬೇಕಾಗಬಹುದು. ನಮ್ಮ ಬೀದಿಯ ಅಂಗಡಿಯಲ್ಲಿ ಮೊಸರು, ಖುಬ್ಬೂಸ್ ರೊಟ್ಟಿ, ಚಪ್ಪಲಿ, ಫೋನಿನ ಸಿಮ್ ಎಲ್ಲ ಸಿಗುತ್ತದೆ, ಬಾಟಲಿಯೊಂದು ಮಾತ್ರ ಮಾಫಿ, ಎಂದರೆ ಇಲ್ಲ. ಬೇಕಾದವನು ಪರ್ಮಿಟ್ ಮಾಡಿಸಬೇಕು. ಪರ್ಮಿಟ್ಟಿಗೆ ಕಂಪನಿಯ ಪತ್ರ ಬೇಕು, ಪತ್ರದಲ್ಲಿ ಸಂಬಳ ಬರೆದಿರಬೇಕು, ಆಮೇಲೆ ಬಿಸಿಲಿನಲ್ಲಿ ದೂರದ ಅಂಗಡಿಗೆ ಹೋಗಿ ಸಾಲು ನಿಲ್ಲಬೇಕು. ಇಪ್ಪತ್ತೆರಡು ವರ್ಷದ ಹಿಂದೆ ನನಗೂ ಆಸೆಯಾಗಿ, ಪತ್ರ ಕೇಳಲು ನಮ್ಮ ಆಫೀಸಿನ ಹಿಬಾ ಎಂಬವಳ ಮೇಜಿನ ಎದುರು ನಿಂತೆ. ಆಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗಿ, ನನ್ನನ್ನು 'ಅಂಕಲ್' ಎಂದು ಕರೆಯುವವಳು. 'ಲೆಟರ್ ಯಾವುದಕ್ಕೆ ಅಂಕಲ್?' ಎಂದು ತಲೆ ಎತ್ತಿ ಕೇಳಿದಳು. ಆ ಮುಖ ನೋಡಿ ನನ್ನ ಬಾಯಿಗೆ ಬಂದದ್ದು 'ಡ್ರೈವಿಂಗ್ ಲೈಸೆನ್ಸಿಗೆ' ಎಂಬ ಮಾತು. ಟಕಟಕ ಟೈಪ್ ಮಾಡಿ, ಸೀಲು ಒತ್ತಿ, 'ಯಲ್ಲಾ, ಗುಡ್ ಲಕ್' ಎಂದು ಕೊಟ್ಟೇಬಿಟ್ಟಳು. ಹೀಗೆ ಕುಡಿಯಲು ಹೊರಟವನು ಕಾರು ಓಡಿಸಲು ಕಲಿತೆ. ಮೂರು ಸಲ ಫೇಲಾಗಿ ಪಾಸಾದೆ. ಕಾರು ಇವತ್ತಿನವರೆಗೂ ಇಲ್ಲ.

ಪಕ್ಕದ ಕೋಣೆಯ ರೆಮಿಜಿಯಸ್, ನಮ್ಮ ಕಡೆಯವನೇ, ಪರ್ಮಿಟ್ ಇರುವ ಮನುಷ್ಯ. ಒಂದು ಶುಕ್ರವಾರ ನಾಚಿಕೆ ಬಿಟ್ಟು ಅವನ ಬಾಗಿಲು ತಟ್ಟಿದೆ. 'ಗಿರಿಯಪ್ಪಣ್ಣ, ಪರ್ಮಿಟ್ ನಂದು, ಗಂಟಲೂ ನಂದೇ. ನಿಮಗೆ ಒಂದು ತೊಟ್ಟು ಕೊಟ್ರೆ ನನ್ನ ಪರ್ಮಿಟ್ ಖಲಾಸ್, ನಿಮ್ಮ ದೋಹಾ ಖಲಾಸ್. ಹೋಗಿ ಮಜ್ಜಿಗೆ ಕುಡೀರಿ ಮಾರಾಯ್ರೆ' ಎಂದು ಬಾಗಿಲು ಹಾಕಿದ. ಅವತ್ತು ಅವನ ಏಳು ತಲೆಮಾರಿಗೆ ಬೈದೆ. ಈಗ ಅವನಿಗೆ ತಿಂಗಳಿಗೊಂದು ಶರ್ಟು ಪುಕ್ಕಟೆ ಹೊಲಿದುಕೊಡುತ್ತೇನೆ.

ಊರಿನಲ್ಲಿ ಎಲ್ಲರೂ ಗಿರಿಯಪ್ಪ ಗಲ್ಫಿಗೆ ಹೋಗಿ ಒಳ್ಳೆಯವನಾದ ಎಂದು ಹೇಳುತ್ತಾರಂತೆ. ಸುಳ್ಳು. ನಾನು ಒಳ್ಳೆಯವನೇನೂ ಆಗಲಿಲ್ಲ. ಇಲ್ಲಿಯ ಫಾರಂ ಉದ್ದ, ಅಂಗಡಿ ದೂರ, ಹಿಬಾಳ ಕಣ್ಣು ಚೂಪು, ರೆಮಿಜಿಯಸ್ಸನ ಬಾಗಿಲು ಗಟ್ಟಿ, ಅಷ್ಟೇ. ಮೂವತ್ತೊಂದು ವರ್ಷ ನಾನು ಕುಡಿತ ಬಿಟ್ಟಿರಲಿಲ್ಲ, ನನಗೆ ಸಿಕ್ಕಿರಲಿಲ್ಲ. ಎರಡು ವರ್ಷಕ್ಕೊಮ್ಮೆ ರಜೆಗೆ ಬಂದಾಗಲೂ ಪೇಟೆಯ ಬಾರಿಗೆ ಎರಡು ಬಸ್ಸು ಬದಲಿಸಬೇಕಿತ್ತು, ಪೂವಕ್ಕ ಎರಡೂ ಬಸ್ಸಿನಲ್ಲಿ ಜೊತೆಗೆ ಕೂರುತ್ತಿದ್ದಳು. ಈ ವ್ಯತ್ಯಾಸ ತಮ್ಮ ಸಭೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ಯಾಕೆಂದರೆ ನಾನು ಯಾರಿಗೂ ಹೇಳಿರಲಿಲ್ಲ.

ಹಳಬರಿಗೆ ನೆನಪಿರಬಹುದು. ನಾನು ಊರಿನಲ್ಲಿ ಹೊಲಿಯುತ್ತಿದ್ದಾಗ ಶಾಲೆಯವರು ಅರುವತ್ತು ಮಕ್ಕಳ ಖಾಕಿ ಚಡ್ಡಿಗೆ ಬಟ್ಟೆ ಕೊಟ್ಟಿದ್ದರು. ನಾನು ಬೆಳಿಗ್ಗೆಯೇ ಏರಿಸಿಕೊಂಡು ಕುಳಿತು, ಅರುವತ್ತನ್ನೂ ಎಡಗಾಲು ಎರಡು ಇಂಚು ಗಿಡ್ಡವಾಗಿ ಕತ್ತರಿಸಿದ್ದೆ. ಊರೆಲ್ಲ ನಕ್ಕಿತು, ತಮ್ಮಲ್ಲೂ ಕೆಲವರು ಆ ಚಡ್ಡಿಯೊಳಗೆ ಇದ್ದವರೇ. ಪೂವಕ್ಕ ನಗಲಿಲ್ಲ. ಒಂಬತ್ತು ದಿನ ಹೊಸ್ತಿಲಲ್ಲಿ ಕುಳಿತು, ಅರುವತ್ತು ಚಡ್ಡಿಯ ಹೊಲಿಗೆ ಬ್ಲೇಡಿನಲ್ಲಿ ಬಿಚ್ಚಿ, ಬಲಗಾಲನ್ನೂ ಎಡದ ಅಳತೆಗೆ ಕತ್ತರಿಸಿ, ಪುನಃ ಹೊಲಿದು ಕೊಟ್ಟಳು. ಹತ್ತನೇ ದಿನ ಅವಳ ಅಣ್ಣ ನನಗೆ ವೀಸಾ ಕಳಿಸಿದ. ನಾನು ದೋಹಾಕ್ಕೆ ಬಂದದ್ದು ಹೀಗೆ. ಊರಿನವರಿಗೆ ದುಡಿಯಲು ಬಂದೆ ಎಂದು ಹೇಳಿದ್ದೇನೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿ. ಅಂಗಡಿ ತೆರೆಯಲೇಬೇಕೆಂದಾದರೆ ದಯವಿಟ್ಟು ಅದನ್ನು ಪಂಚಾಯತಿ ಕಚೇರಿಯ ಒಳಗೇ ತೆರೆಯಿರಿ. ಆ ಕೌಂಟರಿಗೆ ಹೋದವನಿಗೆ ಒಂದೇ ಸಲಕ್ಕೆ ಏನಾದರೂ ಸಿಕ್ಕಿದ ಚರಿತ್ರೆ ಇಲ್ಲ. ಬಾಟಲಿ ಕೇಳಿದವನಿಗೆ ಸರ್ವರ್ ಡೌನ್ ಎನ್ನಿ, ಸೋಮವಾರ ಬನ್ನಿ ಎನ್ನಿ, ರೇಷನ್ ಕಾರ್ಡಿನ ಮೂರು ಜೆರಾಕ್ಸ್ ತರಲು ಹೇಳಿ, ಹೆಂಡತಿಯ ಒಪ್ಪಿಗೆ ಪತ್ರಕ್ಕೆ ನೋಟರಿ ಮಾಡಿಸಲು ಪುತ್ತೂರಿಗೆ ಕಳಿಸಿ. ಇಲ್ಲವಾದರೆ ಅಂಗಡಿಯನ್ನು ತಮ್ಮೆಲ್ಲರ ಮನೆಯ ಗೇಟಿನ ಎದುರು ತಿಂಗಳಿಗೊಂದರಂತೆ ತಿರುಗಿಸಿ, ಅಧ್ಯಕ್ಷರಿಂದಲೇ ಪ್ರಾರಂಭಿಸಿ. ಅದೂ ಕಷ್ಟವಾದರೆ ಕೊಲ್ಲಿಯ ಈ ಸಮುದ್ರವನ್ನು ಸ್ವಲ್ಪ ಪೂರ್ವಕ್ಕೆ ಸರಿಸಿ, ನೇರೊಳ್‌ಪದವನ್ನು ಕತಾರಿಗೆ ಸೇರಿಸುವ ಬಗ್ಗೆ ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಮಾಡಿ. ಓದದೆ ಒಪ್ಪುವವರು ಇಲ್ಲಿ ಇನ್ನೂ ಬಹಳ ಮಂದಿ ಇದ್ದೇವೆ.

ಇವ್ಯಾವುದೂ ಆಗುವುದಿಲ್ಲವೆಂದು ನನಗೂ ಗೊತ್ತು. ಆದರೆ ಅಬಕಾರಿಯವರಿಗೆ ಕಡತ ಇನ್ನೂ ಹೋಗಿಲ್ಲ, ನೆರೆಯವನು ಲಿಖಿತವಾಗಿ ಬೇಡವೆಂದರೆ ನಿರ್ಣಯವನ್ನು ಪುನಃ ಸಭೆಗೆ ಇಡಲೇಬೇಕು ಎಂದು ತಮ್ಮ ಕಚೇರಿಯ ಪಿಡಿಒ ಫೋನಿನಲ್ಲಿ ಹೇಳಿದರು. ಹಾಗಾದರೆ ಇದೇ ಆ ಲಿಖಿತ. ನಾನು ಒಪ್ಪಿಲ್ಲ. ಸಂತೋಷದಿಂದಲೂ ಒಪ್ಪಿಲ್ಲ, ದುಃಖದಿಂದಲೂ ಒಪ್ಪಿಲ್ಲ. ಕೆಳಗೆ ಪೆನ್ನಿನಲ್ಲಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ.

ಪೂವಕ್ಕನಿಗೆ ಮೊನ್ನೆ ಫೋನ್ ಮಾಡಿ, ನಾನು ಅಂಗಡಿಯ ಕಡೆ ತಲೆ ಎತ್ತಿಯೂ ನೋಡುವುದಿಲ್ಲ, ಆಣೆ ಎಂದೆ. 'ನಿಮ್ಮ ಆಣೆ ನನಗೆ ಗೊತ್ತುಂಟು. ಒಬ್ಬಳೇ ಇದ್ದು ಅಭ್ಯಾಸ ಆಗಿದೆ ನನಗೆ. ಆ ಷಟರ್ ಎತ್ತುವುದಾದ್ರೆ ನೀವು ಅಲ್ಲೇ ಇರಿ, ಬರುವುದು ಬೇಡ' ಎಂದಳು. ಕೋಪದಿಂದ ಹೇಳಿದ್ದರೆ ನಾನೂ ಎರಡು ಬೈದು ಸುಮ್ಮನಾಗುತ್ತಿದ್ದೆ. ಅಕ್ಕಿ ಆರಿಸುತ್ತಾ ಹೇಳಿದಳು, ಮೊರದ ಶಬ್ದ ಕೇಳುತ್ತಿತ್ತು.

ಮಾನ್ಯರೇ, ಇಷ್ಟು ಹೇಳಿದ ಮೇಲೂ ತಾವು ತೆರೆಯುವುದೇ ಆದರೆ ಕೊನೆಗೊಂದು ಉಪಕಾರ ಮಾಡಿ. ಈ ಪತ್ರದ ಜೊತೆ ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೋ ಇಟ್ಟಿದ್ದೇನೆ. ಅಂಗಡಿಯ ಗಲ್ಲಾದ ಮೇಲೆ ಅಂಟಿಸಿ, ಇವನಿಗೆ ಕೊಡಬಾರದು ಎಂದು ದೊಡ್ಡ ಅಕ್ಷರದಲ್ಲಿ ಬರೆಸಿ. ನೆಂಟರು ಬಂದಿದ್ದಾರೆ ಎನ್ನುತ್ತೇನೆ, ನಂಬಬೇಡಿ. ಬೆನ್ನುನೋವಿಗೆ ಉಜ್ಜಲು ಎನ್ನುತ್ತೇನೆ, ದೈವಕ್ಕೆ ಇಡಲು ಎನ್ನುತ್ತೇನೆ, ಆ ಫೋಟೋದಲ್ಲಿರುವುದು ನನ್ನ ಅಣ್ಣ ಎನ್ನುತ್ತೇನೆ. ಅಳುತ್ತೇನೆ ಕೂಡ. ನಂಬಬೇಡಿ. ಅವತ್ತು ತಮ್ಮನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತೇನೆ, ದಯವಿಟ್ಟು ಬೈಸಿಕೊಳ್ಳಿ.

ತಮ್ಮ ಆಡಳಿತ ಬಹುಕಾಲ ಬಾಳಲಿ ಎಂದು ಹಾರೈಸಲು ಕೈ ಬರುತ್ತಿಲ್ಲವಾದ್ದರಿಂದ, ತಾವಾದರೂ ಬಾಳಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಗಿರಿಯಪ್ಪ ಟೈಲರ್
(ಸಹಿ)

ಮರೆತ ಮಾತು: ನನ್ನ ಟಿಕೆಟ್ ವಾಪಸು ಮಾಡಲಾಗದ ಬಗೆಯದ್ದಂತೆ. ತಮ್ಮ ನಿರ್ಣಯ ಅಂಥದ್ದಲ್ಲ. ಹದಿನೆಂಟರ ಮಧ್ಯಾಹ್ನ ನಾಲ್ಕು ಗಂಟೆಗೆ ಎರಡು ಪೆಟ್ಟಿಗೆ ಹಿಡಿದು ಊರಿನ ಬಸ್ ಸ್ಟಾಪಿನಲ್ಲಿ ಇಳಿಯುತ್ತೇನೆ. ಅಲ್ಲಿಂದ ನಡೆದರೆ ಮೊದಲು ಸಿಗುವುದು ಗಿರಣಿ, ಆಮೇಲೆ ಪೂವಕ್ಕ. ಅವಳವರೆಗೆ ನಾನು ತಲುಪಬೇಕೋ ಬೇಡವೋ ಎಂಬುದನ್ನು ಕೋರಂ ಇರುವ ಸಭೆಯಲ್ಲಿ ತೀರ್ಮಾನಿಸಿ, ಪರ ಯಾರು, ವಿರೋಧ ಯಾರು ಎಂದು ಹೆಸರು ಹಾಕಿ ತಿಳಿಸಬೇಕಾಗಿ ವಿನಂತಿ.