ಮುಖ ನೋಡಿ ಹಿಡಿದ ನಾಕಿಂಗ್

ಗ್ಯಾರೇಜ್ ಇಟ್ಟುಕೊಂಡವನಿಗೆ ಮರ್ಯಾದೆ ಹೋಗುವ ಪ್ರಸಂಗಗಳಿಗೆ ಬರವಿಲ್ಲ; ನನಗಂತೂ ವಾರಕ್ಕೊಂದು ಬಂದೇ ಬರುತ್ತದೆ.

ಹೊಸಪೇಟೆಯಲ್ಲಿ ನನ್ನನ್ನು ಕರೆಯುವುದೇ ‘ಕಿವಿ ಮೇಸ್ತ್ರಿ’ ಎಂದು. ಬಾನೆಟ್ ತೆಗೆಯದೆ, ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತೇನೆಂಬ ಹೆಸರು. ಆ ಕಿವಿ ಕೈಕೊಟ್ಟು ಮೂರು ವರ್ಷವಾಯಿತು. ಮಾತು, ಹಾರ್ನ್, ಸುತ್ತಿಗೆ ಪೆಟ್ಟು ಎಲ್ಲ ಕೇಳುತ್ತವೆ. ಸಣ್ಣಗೆ ಚೂಪಾದ ಸದ್ದು ಮಾತ್ರ ಕೇಳುವುದಿಲ್ಲ. ಇದು ಹೊರಗೆ ಗೊತ್ತಾದರೆ ಗ್ಯಾರೇಜಿಗೆ ಬೀಗ ಜಡಿಯಬೇಕು. ಗೊತ್ತಿರುವುದು ಹೆಂಡತಿಗೊಬ್ಬಳಿಗೇ. ಅವಳು ಬೈಯುವಾಗ ಮಾತ್ರ ದನಿ ದಪ್ಪ ಮಾಡಿಕೊಳ್ಳುತ್ತಾಳೆ.

೧. ಬಾಯಲ್ಲೇ ಕಾರು

ಈಚೆಗೆ ಹಳೇ ಕಾರುಗಳಿಗೆ ಹೊಸ ಪಿಸ್ಟನ್ ಹಾಕಿಸಿ, ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ತೇಯಿಸಿ, ಒಳಗಿನ ಒತ್ತಡ, ಅಂದರೆ ಕಂಪ್ರೆಷನ್ ಏರಿಸುವ ಹುಚ್ಚು ಹತ್ತಿದೆ. ಗಾಡಿ ಗುಂಡಿನಂತೆ ಓಡುತ್ತದೆ, ನಿಜ. ಆದರೆ ಕಿಡಿ ಹಾರುವ ಟೈಮಿಂಗ್ ಸ್ವಲ್ಪ ಮುಂದಿದ್ದರೂ, ಪೆಟ್ರೋಲ್ ಸರಿಯಿಲ್ಲದಿದ್ದರೂ ಒಳಗಿನ ಬೆಂಕಿ ಅಡ್ಡಾದಿಡ್ಡಿ ಹೊತ್ತಿ ಏರಿನಲ್ಲಿ ‘ಟಿಣ್ ಟಿಣ್’ ಅನ್ನುತ್ತದೆ. ಅದೇ ನಾಕಿಂಗ್. ನನಗೆ ಕೇಳದ ಸದ್ದೂ ಅದೇ.

ಯಶವಂತನಗರದ ಗಣಿ ಸೂಪರ್‌ವೈಸರ್ ಒಬ್ಬರು ಅಂಥದೇ ಕಾರು ತಂದರು. ಸದ್ದು ಹೇಗಿದೆ, ಬಾಯಲ್ಲಿ ಮಾಡಿ ತೋರಿಸಿ ಎಂದೆ. ಅವರು ಸ್ಟಾರ್ಟ್ ಮಾಡಿದರು, ಗೇರ್ ಹಾಕಿದರು, ಏರು ಹತ್ತಿದರು, ಟಿಣ್ ಟಿಣ್ ಎಂದರು, ಎದುರಿಗೆ ಬಂದ ಲಾರಿಗೆ ಹಾರ್ನ್ ಕೂಡ ಹೊಡೆದರು. ಪಕ್ಕದ ಚಹಾದಂಗಡಿಯವನು ತಿರುಗಿ ನೋಡದೆ ದಾರಿಯಲ್ಲಿದ್ದ ಬೆಂಚನ್ನು ಒಳಗೆಳೆದುಕೊಂಡ.

೨. ಹಂಪಿಯ ಹೆಡ್

ಎಲ್ಲರೂ ಹೀಗೆ ನಟಿಸುವುದಿಲ್ಲವಲ್ಲ. ಹಾಗಾಗಿ ಇನ್ನೊಂದು ಉಪಾಯ ಹೂಡಿದೆ. ಟೆಸ್ಟಿಗೆ ಹೋಗುವಾಗ ಮಾಲೀಕನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಏರಿನಲ್ಲಿ ಅವನ ಮುಖ ಕಿವುಚಿತೋ, ‘ಹಾಂ, ಬಂತು ನೋಡ್ರಿ’ ಅನ್ನುವುದು.

ಹಂಪಿಯಲ್ಲಿ ಗೆಸ್ಟ್‌ಹೌಸ್ ನಡೆಸುವವರೊಬ್ಬರು ಕಂಪ್ರೆಷನ್ ಏರಿಸಿದ ಮೇಲೆ ಸುಮ್ಮನೆ ಒಮ್ಮೆ ತೋರಿಸಲು ಬಂದಿದ್ದರು. ಕಮಲಾಪುರದ ಕಡೆ ಹೊರಟೆವು. ಹಾದಿಯುದ್ದಕ್ಕೂ ಅವರ ಮುಖ ಕಿವುಚಿಯೇ ಇತ್ತು. ನಾನು ಗಾಬರಿಯಾಗಿ ಎರಡು ದಿನ ಕೂತು ಹೆಡ್ ಬಿಚ್ಚಿದೆ. ಒಳಗೆ ಏನೂ ಆಗಿರಲಿಲ್ಲ, ಹಾಗೇ ಮತ್ತೆ ಜೋಡಿಸಿದೆ.

ಗಾಡಿ ಒಯ್ಯಲು ಬಂದವರ ಕೆನ್ನೆ ಬನ್ನಿನಂತೆ ಊದಿತ್ತು. ದವಡೆ ಹಲ್ಲು ಕೀಳಿಸಿದರಂತೆ. ಮನೆ ಮುಟ್ಟಿ ಫೋನ್ ಮಾಡಿದರು: “ಮೇಸ್ತ್ರಿ, ಹೋದ ಸಲಕ್ಕಿಂತ ಈಗ ಕುಂತ್ರ ಭಾಳ ಆರಾಮ ಅನಸ್ತೈತ್ರಿ.”

೩. ಸಂಡೂರು ಘಾಟ್

ಕಂಪ್ಲಿಯ ಅಕ್ಕಿ ಗಿರಣಿ ಸಾವ್ಕಾರರು ಏರಿನಲ್ಲಿ ಟಿಣ್ ಟಿಣ್ ಬರುತ್ತದೆಂದು ಕಾರು ಬಿಟ್ಟು, ಜೊತೆಗೆ ತಮ್ಮ ತಾಯಿಯನ್ನೂ ಬಿಟ್ಟರು. ಗಿರಣಿಗೆ ಭತ್ತ ಬಂದಿದೆ, ತಾವು ಬರಲಾಗುವುದಿಲ್ಲ, ಆದರೆ ಅವ್ವನ ಕಿವಿ ತಮ್ಮದಕ್ಕಿಂತ ಚುರುಕು ಎಂದರು. ಆಕೆ ಗಿರಣಿ ಮಷೀನಿಗೆ ಕೋಲು ಹಚ್ಚಿ ಕೇಳಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಾರಂತೆ; ನಲವತ್ತು ವರ್ಷದಿಂದ ಆ ಮಾತಿಗೆ ಎದುರಿಲ್ಲವಂತೆ. ಅಂಥ ಕಿವಿಯ ಮುಂದೆ ನನ್ನ ಬಣ್ಣ ಬಯಲಾಗುವುದು ಖಂಡಿತ.

ಅವ್ವನನ್ನು ಹಿಂದೆ ಕೂರಿಸಿ ಸಂಡೂರು ಘಾಟ್ ಹತ್ತಿಸಿದೆ. ಕಣ್ಣು ರಸ್ತೆಗಿಂತ ಹೆಚ್ಚಾಗಿ ಕನ್ನಡಿಯಲ್ಲೇ ಇತ್ತು. ಮೊದಲ ತಿರುವಿನಲ್ಲೇ ಆಕೆ ಹುಬ್ಬು ಗಂಟಿಕ್ಕಿದರು. ‘ಬಂತಲ್ರೀ’ ಎಂದೆ. ‘ಹೂಂ, ಬಂತು’ ಎಂದರು. ಇಳಿದು ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಹಿಂದಕ್ಕೆ ತಂದೆ. ಎರಡನೇ ತಿರುವಿನಲ್ಲಿ ಮತ್ತೆ ಹುಬ್ಬು, ಮತ್ತೆ ಹಿಂದಕ್ಕೆ. ನಾಲ್ಕನೆಯ ಸಲಕ್ಕೆ ಕಿಡಿ ತೀರಾ ತಡವಾಗಿ ಗಾಡಿಯಲ್ಲಿ ಜೀವವೇ ಉಳಿಯಲಿಲ್ಲ. ಅದಿರು ತುಂಬಿದ ಲಾರಿ ನಮ್ಮನ್ನು ದಾಟಿತು. ಆಮೇಲೆ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದ ಮುದುಕನೊಬ್ಬ ದಾಟಿದ. ಅವ್ವನ ಹುಬ್ಬು ಮಾತ್ರ ಸಡಿಲಲಿಲ್ಲ.

ಸಾಕಾಗಿ ಗಾಡಿ ಬದಿಗೆ ಹಾಕಿದೆ. ಸುಳ್ಳು ಹೇಳಿ ಹೇಳಿ ನಾಚಿಕೆಯಾಗಿತ್ತು. ನನಗೆ ಆ ಸದ್ದು ಕೇಳುವುದೇ ಇಲ್ಲ, ಇಷ್ಟು ಹೊತ್ತೂ ನಿಮ್ಮ ಮುಖ ನೋಡಿಯೇ ಹೇಳಿದೆ ಎಂದು ಒಪ್ಪಿಕೊಂಡುಬಿಟ್ಟೆ.

ಅವ್ವ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದರು.

“ಅಯ್ಯ ತಮ್ಮಾ, ನೀ ಕನ್ನಡ್ಯಾಗ ಮಾರಿ ಗಂಟ ಹಾಕ್ಕೊಂಡು ನೋಡಿದಾಗೆಲ್ಲ ಸದ್ದು ಬಂತೇನೋ ಅಂತ ನಾನೂ ಹುಬ್ಬು ಗಂಟಿಕ್ಕೀನಿ. ಮಾತು ಕೇಳತಾವ, ಆದ್ರ ಗಿರಣಿ ಗದ್ದಲದಾಗ ಸಣ್ಣ ಸದ್ದು ಕೇಳೂದು ಹೋಗಿ ಹತ್ತು ವರ್ಷಾತು.”

ಹಾಗಾದರೆ ಆ ಬೇರಿಂಗ್‌ಗಳ ಕತೆ ಏನೆಂದು ಕೇಳಿದೆ. ಕೋಲು ಹಚ್ಚುವುದು ನೋಡುವವರಿಗಾಗಿ, ಕೈ ಹಚ್ಚಿದಾಗ ಯಾವುದು ಬಿಸಿಯಿದೆಯೋ ಅದೇ ಹೋಗಿರುತ್ತದೆ ಎಂದರು. ಮಗನಿಗೆ ಗೊತ್ತಾದರೆ ನಾಳೆಯಿಂದ ಗಿರಣಿಯೊಳಗೆ ಕಾಲಿಡಗೊಡುವುದಿಲ್ಲ ಎಂದೂ ಅಂದರು. ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ನನಗೆ ಚಿಂತೆ ಹತ್ತಿತು. ಸಾವ್ಕಾರರಿಗೆ ಏನು ಹೇಳುವುದು?

“ಸದ್ದು ಇಲ್ಲ ಅಂತ ಹೇಳೋಣು” ಎಂದರು ಅವ್ವ. “ಇಬ್ಬರಿಗೂ ಕೇಳಿಲ್ಲಂದ ಮ್ಯಾಲ ಅದು ಸುಳ್ಳು ಹೆಂಗಾಗ್ತೈತಿ?”