ಮಾವನ ಮೂರು ತಟ್ಟೆಗಳು

ನಮ್ಮ ಮಾವ ಕೋಟ್ಯಧೀಶನಿರಬಹುದು, ಬರಿಗೈಯವನೂ ಇರಬಹುದು. ಎರಡರಲ್ಲಿ ಯಾವುದು ನಿಜವೆಂದು ದೇವರಿಗೂ ಗೊತ್ತಿರಲಿಕ್ಕಿಲ್ಲ. ಮಾವ ದೇವರಿಗೂ ಪಾಸ್‌ವರ್ಡ್ ಹೇಳಿದವನಲ್ಲ!

ಈ ಮಾವ ನನ್ನ ಆಯಿಯ, ಅಂದರೆ ಅಮ್ಮನ, ಒಬ್ಬನೇ ತಮ್ಮ. ಅವರ್ಸಾದಲ್ಲಿ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ಇಳಿದರೆ ತೆಂಗಿನ ಮರಗಳ ಸಂದಿಯಲ್ಲಿ ಅವನ ಮನೆ. ಮದುವೆಯಾಗಿಲ್ಲ. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು. ಅಂಕೋಲೆಯಿಂದ ಕಾರವಾರದವರೆಗೆ ಅವನು ಹತ್ತದ ಕಂಬವಿಲ್ಲ, ಜೋಡಿಸದ ತಂತಿಯಿಲ್ಲ. ಆಯುಷ್ಯವಿಡೀ ಊರವರಿಗೆಲ್ಲ ಕನೆಕ್ಷನ್ ಕೊಟ್ಟ ಮನುಷ್ಯ, ನಿವೃತ್ತನಾದದ್ದೇ ತಡ, ತನ್ನ ಕನೆಕ್ಷನ್‌ಗಳನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿದ. ಇಂಟರ್ನೆಟ್ ಬೇಡ, ಬ್ಯಾಂಕಿನ ಆ್ಯಪ್ ಬೇಡ, ಮೊಬೈಲ್ ಇದ್ದರೂ ಅದು ಬಿಸ್ಕಿಟಿನ ತಗಡಿನ ಡಬ್ಬಿಯೊಳಗೆ! ಭಾನುವಾರ ಬೆಳಿಗ್ಗೆ ಮಾತ್ರ ಮುಚ್ಚಳ ತೆಗೆದು ಅದಕ್ಕೆ ಗಾಳಿ ತೋರಿಸುತ್ತಾನೆ. ನಮಗೆ ಏನಾದರೂ ಅವಸರವಿದ್ದರೆ ಭಾನುವಾರದವರೆಗೆ ತಡೆದುಕೊಳ್ಳಬೇಕು.

"ಯಂತಕ್ಕೆ ಮಾವ ಇಷ್ಟು ಹೆದ್ರಿಕೆ?" ಎಂದು ಒಮ್ಮೆ ಕೇಳಿದ್ದೆ.

"ತಂಗೀ, ನಾ ಕಂಬದ ಮೇಲೆ ಕೂತ್ಕಂಡು ಯಾರ್ಯಾರ ಮಾತು ಕೇಳಿದ್ದೆ ಗೊತ್ತದ್ಯಾ? ಕೇಳ್ಬೇಕಂತ ಕೇಳಿದ್ದಲ್ಲ. ಲೈನ್ ಟೆಸ್ಟ್ ಮಾಡೂಕೆ ಕಿವಿಗೆ ಹಿಡದ್ರೆ ತಾನೇ ಕೇಳ್ತಿತ್ತು. ನನ್ನಂಥ ಸಾದಾ ಮನ್ಷಾಗೇ ಅಷ್ಟು ಕೇಳ್ತದೆ ಅಂದ್ರೆ, ಕಳ್ಳರಿಗೆ ಎಷ್ಟು ಕೇಳ್ಲಿಕ್ಕಿಲ್ಲ?"

ಇಂಥವನು ಹೋಗಿ ಹೋಗಿ ದುಡ್ಡು ಹಾಕಿದ್ದು ಯಾವುದರಲ್ಲಿ? ಕ್ರಿಪ್ಟೋಕರೆನ್ಸಿಯಲ್ಲಿ! ಕಣ್ಣಿಗೆ ಕಾಣದ, ಕೈಗೆ ಹತ್ತದ, ಯಾವ ಬ್ಯಾಂಕಿನವರೂ ಹೊಣೆಯಲ್ಲದ ದುಡ್ಡು. ನಿವೃತ್ತಿಯ ಹೊಸದರಲ್ಲಿ, ಮೊಬೈಲ್ ಇನ್ನೂ ಡಬ್ಬಿ ಸೇರಿರದ ಕಾಲದಲ್ಲಿ, ಅದೇನು ಓದಿದನೋ, ಯಾರ ಮಾತು ಕೇಳಿದನೋ, ಕೊಂಡುಬಿಟ್ಟಿದ್ದ. ಆಮೇಲೆ ಇಂಥ ದುಡ್ಡು ಇಟ್ಟುಕೊಳ್ಳುವ ಯಾವುದೋ ಕಂಪನಿ ರಾತ್ರೋರಾತ್ರಿ ಬಾಗಿಲು ಹಾಕಿತೆಂದು ಓದಿ ಬೆವತುಹೋದ. ಕೂಡಲೇ ಪೆನ್‌ಡ್ರೈವಿನಷ್ಟು ಸಣ್ಣ ಯಂತ್ರವೊಂದನ್ನು ತರಿಸಿ, ದುಡ್ಡಿನ ಕೀಲಿಯನ್ನು ಅದರೊಳಗೆ ಇಳಿಸಿ, ಇಂಟರ್ನೆಟ್ಟಿನ ನೆರಳೂ ಬೀಳದಂತೆ ಎತ್ತಿಟ್ಟ.

ಆ ಯಂತ್ರ ಕೆಟ್ಟರೆ? ಅದಕ್ಕೊಂದು ಉಪಾಯವಿದೆ. ಯಂತ್ರ ಮೊದಲ ದಿನವೇ ಇಪ್ಪತ್ನಾಲ್ಕು ಇಂಗ್ಲಿಷ್ ಪದಗಳನ್ನು ತೋರಿಸುತ್ತದೆ. ಅವನ್ನು ಅದೇ ಸಾಲಿನಲ್ಲಿ ಹೊಸ ಯಂತ್ರಕ್ಕೆ ತುಂಬಿದರೆ ದುಡ್ಡು ಮರಳಿ ಸಿಗುತ್ತದೆ. ಪದಗಳು ಇನ್ನೊಬ್ಬರಿಗೆ ಸಿಕ್ಕರೆ ದುಡ್ಡು ಅವರದ್ದು. ಪದಗಳೇ ಕಳೆದುಹೋದರೆ ಮುಗಿಯಿತು, ಯಾವ ಮ್ಯಾನೇಜರನ ಎದುರೂ ಹೋಗಿ ಅಳುವಂತಿಲ್ಲ.

"ಬಾಯಿಪಾಠ ಮಾಡ್ಕಂಬಿಡು ಮಾವ, ಕೆಲಸ ಮುಗೀತು," ಎಂದೆ.

"ನಿದ್ದೆಯಲ್ಲಿ ಮಾತಾಡ್ಬಿಟ್ರೆ?"

"ಕೇಳೂಕೆ ಈ ಮನೇಲಿ ಯಾರಿದ್ದಾರೆ?"

ನಾನು ನಕ್ಕೆ. ಮಾವ ನಗಲಿಲ್ಲ. ಎದ್ದು, ಅಂಗಳದಲ್ಲಿ ಬಿದ್ದ ತೆಂಗಿನ ಗರಿ ಎಳೆದುಹಾಕಲು ಹೋದ. ಆ ಮಾತು ಆಡಬಾರದಿತ್ತೆಂದು ನನಗೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು.

ಕಾಗದಕ್ಕೆ ಗೆದ್ದಲು, ನಮ್ಮ ಕರಾವಳಿಯ ಗಾಳಿಗೆ ಕಬ್ಬಿಣಕ್ಕೆ ತುಕ್ಕು. ಹಾಗಾಗಿ ಮಾವ ಪದಗಳನ್ನು ಸ್ಟೀಲಿನ ಮೇಲೆ ಬರೆಸಲು ನಿಶ್ಚಯಿಸಿದ. ಪಾತ್ರೆ ಅಂಗಡಿಯಲ್ಲಿ ತಟ್ಟೆಯ ಹಿಂದೆ ಹೆಸರು ಕೊರೆದು ಕೊಡುತ್ತಾರಲ್ಲ, ಹಾಗೆ! ಒಂದೇ ಅಂಗಡಿಯವನಿಗೆ ಎಲ್ಲ ಪದ ತಿಳಿಯಬಾರದೆಂದು ಅವನ್ನು ಎಂಟೆಂಟಾಗಿ ಮೂರು ತಟ್ಟೆಗಳಿಗೆ ಹಂಚಿ, ದೊಡ್ಡ ತಟ್ಟೆಯನ್ನು ಕಾರವಾರದಲ್ಲಿ, ನಡುವಿನದನ್ನು ಅಂಕೋಲೆಯಲ್ಲಿ, ಸಣ್ಣದನ್ನು ಕುಮಟೆಯಲ್ಲಿ ಕೊರೆಸಿದ. ಕಾರವಾರಕ್ಕೆ ನಾನೂ ಜೊತೆಗೆ ಹೋಗಿದ್ದೆ.

"ಕಿತೆಂ ಮಾಮಾ, ನಾಂವ್ ಯಾರದ್ದು ಹಾಕೂದು?" ಎಂದು ಅಂಗಡಿಯವನು ಅರ್ಧ ಕೊಂಕಣಿಯಲ್ಲಿ ಕೇಳಿದ.

ಮಾವ ಆಚೀಚೆ ನೋಡಿ, ಬಗ್ಗಿ, ಅವನ ಕಿವಿಯಲ್ಲಿ ಹೇಳಿದ. ಅಂಗಡಿಯವನು ಕೊರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. "ಹಸ್ಬೆಂಡ್, ಡಾಂಕಿ... ಇದು ಯಾರ ಮದ್ವೆಗೆ ಉಡುಗೊರೆ ಮಾಮಾ? ಧೈರ್ಯ ಅದೆ ನಿಮ್ಗೆ!"

ಮೂರೂ ತಟ್ಟೆ ಒಂದೇ ಕಡೆ ಇರಬಾರದೆಂದು ಮಾವ ಒಂದೊಂದನ್ನು ಒಂದೊಂದು ಮನೆಗೆ ಕೊಟ್ಟ. ಆ ತಟ್ಟೆ ಬಂದದ್ದು ನನ್ನ ಪಾಲಿಗೆ. ಜೋಪಾನವಾಗಿ ಇಡು ಎಂದಿದ್ದ. ಕಾರವಾರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಜೋಪಾನದ ಜಾಗವೆಂದರೆ ಅಡಿಗೆಮನೆಯ ತಟ್ಟೆಯ ಸ್ಟ್ಯಾಂಡೇ. ಒಂದು ದಿನ ನಮ್ಮನೆಯವರು ಊಟ ಮುಗಿಸಿ ತಟ್ಟೆ ತೊಳೆಯುವಾಗ ಹಿಂದಿನ ಬರಹ ಓದಿಬಿಟ್ಟರು. ಗಂಡ, ಅದರ ಪಕ್ಕದಲ್ಲೇ ಕತ್ತೆ!

"ಅಲ್ವೇ, ಏನಾದ್ರೂ ಸಿಟ್ಟಿದ್ರೆ ಬಾಯಲ್ಲಿ ಹೇಳೂದಲ್ಲ? ಸ್ಟೀಲ್ ಮೇಲೆ ಬರೆಸೂದಾ?"

ಯಾರಿಗೂ ಹೇಳಬಾರದೆಂದು ಮಾವನಿಗೆ ಮಾತು ಕೊಟ್ಟಿದ್ದೆ. ಆ ವಾರವಿಡೀ ನಮ್ಮ ಮನೆಯಲ್ಲಿ ಮಾತು ಅಷ್ಟಕ್ಕಷ್ಟೇ. (ಈಗ ಈ ಎರಡು ಪದಗಳನ್ನು ಓದಿದ ಕಳ್ಳರು ಹಿಗ್ಗುವುದು ಬೇಡ. ಮಿಕ್ಕವನ್ನು ನಾನು ಹೇಳುವುದಿಲ್ಲ.)

ಯಾರಿಗೂ ಹೇಳಬಾರದು! ಈ ದುಡ್ಡಿನ ಮೊದಲ ಪಾಠ ಇದೇ ಅಂತೆ. ಮಾವ ಅದನ್ನು ಎಷ್ಟು ಚೆನ್ನಾಗಿ ಕಲಿತನೆಂದರೆ, ದುಡ್ಡಿನ ವಿಷಯವಷ್ಟೇ ಅಲ್ಲ, ಯಾವ ವಿಷಯವನ್ನೂ ಯಾರಿಗೂ ಹೇಳದಾದ. ಬಸ್‌ಸ್ಟಾಪಿನ ಹತ್ತಿರದ ಚಾದಂಗಡಿಗೆ ದಿನಾ ಹೋಗುತ್ತಿದ್ದವನು, ಮಾತಿನ ಭರದಲ್ಲಿ ಬಾಯಿ ಜಾರೀತೆಂದು ಅದನ್ನೂ ಬಿಟ್ಟ. ಇಸ್ಪೀಟಿನ ಗೆಳೆಯರು ಒಂದಷ್ಟು ದಿನ ಕರೆದರು, ಆಮೇಲೆ ಬಿಟ್ಟರು. ಹೋದ ಮಳೆಗಾಲದಲ್ಲಿ ಎರಡು ಭಾನುವಾರ ಅವನ ಫೋನು ಹತ್ತಲಿಲ್ಲವೆಂದು ನಾನು ರಜೆ ಹಾಕಿ ಅವರ್ಸಾಕ್ಕೆ ಹೋದೆ. ಮಾವ ಕಂಬಳಿ ಹೊದ್ದು ಜ್ವರದಲ್ಲಿ ನಡುಗುತ್ತಿದ್ದ. ಒಲೆಯ ಮೇಲೆ ಗಂಜಿ ಹಳಸಿತ್ತು.

"ಪಕ್ಕದ ಮನೆಯೋರಿಗಾದ್ರೂ ಹೇಳೂಕೆ ಆಗ್ಲಿಲ್ವಾ?"

"ಅವ್ರು ಒಳಗೆ ಬಂದ್ರೆ ಭರಣಿ ಕಾಣ್ತದಲೆ," ಎಂದ.

ಭರಣಿಯ ಕಥೆ ಬೇರೆಯೇ ಇದೆ. ಕಳ್ಳರು ಕಪಾಟು ಹುಡುಕುತ್ತಾರೆ, ಗಾದಿ ಹುಡುಕುತ್ತಾರೆ, ಒಂಟಿ ಗಂಡಸಿನ ಉಪ್ಪಿನಕಾಯಿ ಭರಣಿಗೆ ಯಾರು ಕೈ ಹಾಕುತ್ತಾರೆ? ಹೀಗೆಂದು ಮಾವ ತನ್ನ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ, ಖಾಲಿ ಭರಣಿಯ ತಳದಲ್ಲಿಟ್ಟು, ಮೇಲೆ ಬಿಳಿ ಬಟ್ಟೆ ಕಟ್ಟಿ ಅಡಿಗೆಮನೆಯ ಮೂಲೆಯಲ್ಲಿ ಕೂರಿಸಿದ್ದ. ಕಳ್ಳರೇನೋ ಕೈ ಹಾಕಲಿಲ್ಲ. ಆದರೆ ನನ್ನ ಆಯಿ ಇದ್ದಾಳಲ್ಲ! ಈ ಬೇಸಿಗೆಯ ಸುರುವಿಗೆ ತನ್ನೂರು ಬೊಬ್ರುವಾಡದಿಂದ ಮಾವಿನ ಮಿಡಿ ಹೊತ್ತುಕೊಂಡು ತಮ್ಮನ ಮನೆಗೆ ಬಂದಳು. ಮಾವ ಪೇಟೆಗೆ ಹೋಗಿದ್ದ. ಭರಣಿ ಎತ್ತಿ ನೋಡಿದಳು, ಹಗುರವಿತ್ತು. ತಳದಲ್ಲಿ ಬಟ್ಟೆಯ ಗಂಟು ಕಂಡು, ಹುಳ ಬರದಂತೆ ತಮ್ಮ ಮದ್ದು ಕಟ್ಟಿ ಹಾಕಿರಬೇಕೆಂದುಕೊಂಡಳಂತೆ! ಅದರ ಮೇಲೇ ಮಿಡಿ ಸುರಿದು, ಕಲ್ಲುಪ್ಪಿನ ನೀರು ಹೊಯ್ದು, ಬಾಯಿ ಕಟ್ಟಿ, ಒಳ್ಳೆ ಕೆಲಸ ಮಾಡಿದ ಸಮಾಧಾನದಲ್ಲಿ ಬಸ್ಸು ಹತ್ತಿದಳು.

ಮಾವನಿಗೆ ಗೊತ್ತಾದದ್ದು ಕೆಲವು ದಿನಗಳ ಮೇಲೆ. ಭಾನುವಾರವಲ್ಲದ ದಿನ ಅವನ ಫೋನು ಬಂದಾಗಲೇ ಏನೋ ಅನಾಹುತವೆಂದುಕೊಂಡೆ.

"ತಂಗೀ, ಅಕ್ಕ ನನ್ನ ಮುಳುಗ್ಸಿಬಿಟ್ಳು," ಎಂದ. ಅಕ್ಷರಶಃ ನಿಜ.

ಯಂತ್ರ ಒಣಗಿಸಿದರೂ ಉಸಿರೆತ್ತಲಿಲ್ಲ. ಮಿಡಿ ಮಾತ್ರ ಬಹಳ ಚೆನ್ನಾಗಿ ಬಂದಿತ್ತು.

ಹೊಸ ಯಂತ್ರವನ್ನು ನನ್ನ ವಿಳಾಸಕ್ಕೆ ತರಿಸಿದೆವು. ಇನ್ನು ತಟ್ಟೆಗಳು ಒಟ್ಟಾಗಬೇಕು. ನನ್ನದು ಸ್ಟ್ಯಾಂಡಿನಲ್ಲಿತ್ತು. ನಡುವಿನದು ಆಯಿಯ ಬಳಿ ಇರಬೇಕಿತ್ತು. ಆಯಿ ಮುಖ ಸಣ್ಣ ಮಾಡಿ, "ಹಬ್ಬಕ್ಕೆ ಪಾತೋಳಿ ಕಡುಬು ಹಾಕಿ ಯಾರಿಗೋ ಕೊಟ್ಟಿದ್ನೇ, ವಾಪಸ್ ಬಂದ ತಟ್ಟೆ ಬೇರೆ," ಎಂದಳು. ಅವತ್ತು ಬೊಬ್ರುವಾಡದ ಮನೆಮನೆಗೆ ಹೊಕ್ಕು ಆಯಿ ತಟ್ಟೆ ಮಗುಚಿ ನೋಡಿದ್ದೇ ನೋಡಿದ್ದು. ಒಬ್ಬರ ಮನೆಯಲ್ಲಂತೂ ಊಟಕ್ಕೆ ಕೂತ ಯಜಮಾನರ ತಟ್ಟೆಯನ್ನೇ ಎತ್ತಿಸಿದಳು. ತಟ್ಟೆ ಸಿಕ್ಕಿತು. ನಮ್ಮ ಆಯಿಗೆ ತಲೆ ಸರಿಯಿಲ್ಲವೆಂಬ ಸುದ್ದಿ ಮಾತ್ರ ಅಂಕೋಲೆಯವರೆಗೂ ಹೋಯಿತು.

ಉಳಿದದ್ದು ಸಣ್ಣ ತಟ್ಟೆ. "ಅದು ಎಲ್ಲದ್ಯೋ ತಮಾ?" ಎಂದು ಆಯಿ ಕೇಳಿದರೆ, "ಸೇಫ್ ಅದೆ," ಎನ್ನುವನು. ಎಲ್ಲಿ ಎಂದರೆ ಮತ್ತೆ "ಸೇಫ್ ಅದೆ." ಕೊನೆಗೆ ಆಯಿ ಹಿತ್ತಲಿಗೆ ಹೋದಾಗ ನನ್ನ ಹತ್ತಿರ ಬಂದು, ನೆಲ ನೋಡುತ್ತ, ಕಾರವಾರದ ಹತ್ತಿರದ ಕಿನ್ನರವೆಂಬ ಹಳ್ಳಿಯ ಒಂದು ಮನೆಯ ಗುರುತು ಹೇಳಿದ. "ನೀನೇ ಹೋಗಿ ತಕಂಬಾ. ನಾ ಬರೂದಿಲ್ಲ."

ಕಾರವಾರದಿಂದ ಕಿನ್ನರದ ಬಸ್ಸು ಹಿಡಿದೆ. ಗುರುತಿನ ಮನೆಯ ಬಾಗಿಲು ತೆರೆದವರು ಮಾವನ ವಯಸ್ಸಿನ ಹೆಂಗಸು. ತೆಳ್ಳಗಿನ ಮೈ, ಮಡಿಕೆ ಕೆಡದ ಕಾಟನ್ ಸೀರೆ. ಮನೆಯಲ್ಲಿ ಬೇರೆ ಯಾರ ಸುಳಿವೂ ಇರಲಿಲ್ಲ. ಯಾರ ಸೋದರಸೊಸೆಯೆಂದು ಹೇಳಿದ ಕೂಡಲೇ "ಯೋ ಗೋ, ಬಸ್," ಎಂದು ಕೊಂಕಣಿಯಲ್ಲಿ ಒಳಗೆ ಕರೆದು, ಕೂರಲು ಕುರ್ಚಿ ಎಳೆದರು. ಒಳಗೆ ಹೋಗಿ, ಟ್ರಂಕು ತೆಗೆದ ಸದ್ದಾಗಿ, ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ ತಟ್ಟೆ ತಂದರು. ಅದರಲ್ಲಿ ಒಮ್ಮೆಯೂ ಯಾರೂ ಉಂಡಿರಲಿಲ್ಲ.

"ಇಟ್ಕಳಿ, ಮತ್ತೆ ಬಂದು ತಕಂಡು ಹೋಗ್ತೆ ಅಂತ ಬಾಗ್ಲಲ್ಲೇ ಪಿಸುಗುಟ್ಟಿ ಹೋಗಿದ್ರು," ಎಂದರು. "ತಂಗಿಯ ಮನೆ ಮದ್ವೆಗೆ ಹುಬ್ಬಳ್ಳಿಗೆ ಹೋಗುವಾಗ್ಲೂ ಚೀಲದಲ್ಲಿ ಹಾಕ್ಕೊಂಡೇ ಹೋಗಿದ್ದೆ. ಮನೇಲಿ ಬಿಟ್ಟು ಹೋಗೂಕೆ ಧೈರ್ಯ ಆಗ್ಲಿಲ್ಲ."

"ಇದೇನಂತ ಕೇಳ್ಲಿಲ್ವಾ ನೀವು?"

"ಕೇಳೂದು ನನ್ನ ಅಭ್ಯಾಸ ಅಲ್ಲ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು." ಸ್ವಲ್ಪ ತಡೆದು ನಕ್ಕರು. "ಲೈನ್ ಕೆಟ್ರೆ ನಿಮ್ಮ ಮಾವ ಕಂಬ ಹತ್ತಿ ನಂಗೆ ರಿಂಗ್ ಮಾಡೋರು. 'ಹಲೋ, ಕೇಳ್ತದ್ಯಾ?' ಅಂತ. ನಾನು ಕೇಳ್ತದೆ ಅಂತಿದ್ದೆ. ಮತ್ತೆ, 'ಈಗ ಕೇಳ್ತದ್ಯಾ?' ಲೈನ್ ಸರಿ ಆದ್ಮೇಲೂ ಕೇಳ್ತಿದ್ರು. ಮಳೇಲಿ, ಬಿಸ್ಲಲ್ಲಿ, ಆ ಕಂಬದ ಮೇಲೆ ಕೂತ್ಕಂಡು. ಆಗ ಅದ್ರಾಚೆ ಒಂದು ಮಾತೂ ಆಡ್ಲಿಲ್ಲ ಪುಣ್ಯಾತ್ಮ."

ಚಾ ಕುಡಿದು ಏಳುವಾಗ ಅವರು ಮೆಲ್ಲಗೆ ಕೇಳಿದರು, "ಈಗ ಅವ್ರ ದನಿ ಹೇಗದೆ?"

ಅವರ್ಸಾದ ಜಗಲಿಯಲ್ಲಿ ಮಾವ ಮೂರೂ ತಟ್ಟೆಗಳನ್ನು ಬೋರಲು ಹಾಕಿಕೊಂಡು ಕೂತ. ಕನ್ನಡಕ ಏರಿಸಿ ಒಂದೊಂದೇ ಪದ ಓದಿ ಹೊಸ ಯಂತ್ರಕ್ಕೆ ತುಂಬಿದ. ಆಯಿ ದೇವರ ಹೆಸರು ಹೇಳುತ್ತ ಬಾಗಿಲಲ್ಲಿ ನಿಂತಿದ್ದಳು. ಕೊನೆಯ ಪದ ಒತ್ತಿದ ಮೇಲೆ ಸಣ್ಣ ಪರದೆ ಬೆಳಗಿತು. ಮಾವ ಅದನ್ನೇ ನೋಡಿದ.

"ದುಡ್ಡು ಅದ್ಯೇನೋ?" ಆಯಿ ಕೇಳಿದಳು.

"ಅದೆ."

"ಎಷ್ಟು?"

"ಅದೆ ಅಂದ್ನಲ್ಲ ಅಕ್ಕ."

ಆಯಿ ಕಣ್ಣೊರೆಸಿಕೊಂಡು ಒಲೆಯ ಕಡೆ ಹೋದಳು. ಮಾವನ ಮುಖದಲ್ಲಿ ದುಡ್ಡು ಸಿಕ್ಕವನ ಕಳೆಯೇ ಇರಲಿಲ್ಲ. ಯಂತ್ರವನ್ನು ಪಕ್ಕಕ್ಕಿಟ್ಟು, ಸಣ್ಣ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡ.

"ಯಂತಾದ್ರೂ ಕೇಳಿದ್ರಾ ಅವ್ರು?"

"ನಿನ್ನ ದನಿ ಹೆಂಗದೆ ಅಂತ ಕೇಳಿದ್ರು."

ಮಾವ ಗಂಟಲು ಸರಿಮಾಡಿಕೊಂಡ. ನಾನು ಬೇಕೆಂದೇ, "ತಟ್ಟೆ ಕೊಡು, ನಾಳೆ ನಾನೇ ಹೋಗಿ ಇಟ್ಟು ಬತ್ತೆ," ಎಂದೆ.

"ಬ್ಯಾಡ," ಎಂದ, ಕೂಡಲೇ. ಆಮೇಲೆ ಎದ್ದು ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಇಣುಕಿ ನೋಡಿದರೆ, ಹಗ್ಗದ ಮೇಲಿನಿಂದ ತೆಗೆದ ಎರಡು ಅಂಗಿಗಳನ್ನು ಮಂಚದ ಮೇಲೆ ಹರವಿಕೊಂಡು ನಿಂತಿದ್ದ. ಎರಡರದ್ದೂ ಕಾಲರು ಸವೆದಿತ್ತು.

"ತಂಗೀ," ಎಂದ, ತಿರುಗದೆಯೇ. "ಕಿನ್ನರಕ್ಕೆ ಹೋಗೂಕೆ ಯಾವ್ದು ಹಾಕ್ಲೇ?"

ನಾನು ಸಂಜೆಯ ಬಸ್ಸು ಬಿಟ್ಟೆ. ಆಯಿಯ ಹತ್ತಿರ ಸೂಜಿ ದಾರ ಇಸಿದುಕೊಂಡು, ನೀಲಿ ಅಂಗಿಯ ಕಾಲರು ಬಿಚ್ಚಿ, ಒಳಗಿನ ಒಳ್ಳೆಯ ಮಗ್ಗುಲನ್ನು ಹೊರಗೆ ಮಾಡಿ ಹೊಲಿಯಲು ಕೂತೆ.