ಮಲ್ಲಮ್ಮಾಯಿಯ ಒಡೆದ ಫರಸಿ

ಮಕ್ಕಳಿಗೆ ವಿದ್ಯೆ ಹೇಗೆ ಕಲಿಸಬೇಕೆಂಬುದು ಮಕ್ಕಳಿಲ್ಲದಾಗ ನನಗೆ ಚೆನ್ನಾಗಿ ಗೊತ್ತಿತ್ತು. ನೀಲಾ ಹುಟ್ಟಿದ ಮೇಲೂ ನಾಲ್ಕು ವರ್ಷ ಆ ತಿಳಿವಳಿಕೆಗೆ ಧಕ್ಕೆಯೇನೂ ಆಗಲಿಲ್ಲ. ಯಾಕೆಂದರೆ ಅಲ್ಲಿಯವರೆಗೆ ಮಗುವನ್ನು ನೋಡಿಕೊಂಡವಳು ನನ್ನ ಹೆಂಡತಿ ಗೌರಮ್ಮ. ನಾನಾಗ ಶಹಾಬಾದಿನ ಹೊರಗಿದ್ದ ಒಂದು ಕಲ್ಲಿನ ಖಣಿಯಲ್ಲಿ ಮುನ್ಶಿ. ಆಳುಗಳ ಹಾಜರಿಯನ್ನು ಉರ್ದುವಿನಲ್ಲಿ ಬರೆಯುವುದು, ಅವರ ಜೊತೆ ಕನ್ನಡದಲ್ಲಿ ಜಗಳವಾಡುವುದು, ಇವೆರಡೇ ನನ್ನ ಕೆಲಸ. ನಿಜಾಮರ ಸರಕಾರದ ಶಾಲೆಯಲ್ಲಿ ಓದಿದವನು. ಉರ್ದುವಿನ ಮೊದಲ ಅಕ್ಷರವಾದ ಅಲಿಫ್ ಎಂಬ ನೆಟ್ಟಗಿನ ಒಂದೇ ಒಂದು ಗೆರೆಯನ್ನು ನನ್ನ ತಲೆಗೆ ಇಳಿಸಲು ಮೌಲ್ವಿ ಸಾಹೇಬರು ಒಂದು ವಾರ ನನ್ನ ಕಿವಿ ಹಿಂಡಿದ್ದರು. ಕಿವಿ ಹಿಂಡಿದರೆ ವಿದ್ಯೆ ಬರುತ್ತದೆ ಎಂಬುದಕ್ಕೆ ನಾನೇ ಪುರಾವೆ ಎಂದುಕೊಂಡಿದ್ದೆ.

ಹೀಗಾಗಿ ನೀಲಾಗೆ ನಾಲ್ಕು ತುಂಬಿದ್ದೇ ತಡ, ದಿನಾ ಬೆಳಿಗ್ಗೆ ಅವಳಿಗೆ ಜಳಕ ಮಾಡಿಸಿ, ವಿಭೂತಿ ಹಚ್ಚಿಸಿ, ಪಾಟಿಯ ಮುಂದೆ ಕೂರಿಸತೊಡಗಿದೆ. ನಾನು 'ಅ' ಬರೆಯುತ್ತಿದ್ದೆ. ಅವಳು ನನ್ನ ಮೀಸೆ ನೋಡುತ್ತಿದ್ದಳು. ನಾನು ಒಂದು, ಎರಡು ಎನ್ನುತ್ತಿದ್ದೆ. ಅವಳು ಬಳಪ ತಿನ್ನುತ್ತಿದ್ದಳು. ತಿಂಗಳಾಗುವ ಹೊತ್ತಿಗೆ ಒಂದು ಅಕ್ಷರವೂ ಬಂದಿರಲಿಲ್ಲ, ಮನೆಯಲ್ಲಿ ಬಳಪವೂ ಉಳಿದಿರಲಿಲ್ಲ. ಗೌರಮ್ಮ ರೊಟ್ಟಿ ಬಡಿಯುತ್ತಲೇ, "ಅಕ್ಷರ ಎಲ್ಲಾ ಹೊಟ್ಟ್ಯಾಗ ಹೋಗ್ಯಾವ್ರಿ. ಇನ್ನ ಬಾಯಿಗಿ ಹ್ಯಾಂಗ ಬರ್ತಾವ?" ಎಂದಳು. ಕಿವಿ ಹಿಂಡೋಣವೆಂದು ಒಮ್ಮೆ ಕೈ ಮುಂದೆ ಮಾಡಿದೆ. ಆ ಕಿವಿ ನನ್ನ ಹೆಬ್ಬೆರಳಿಗಿಂತ ಚಿಕ್ಕದಿತ್ತು. ಹಾಗೇ ಸವರಿ ಬಿಟ್ಟೆ. ವಿದ್ಯೆ ಹತ್ತದಿದ್ದದ್ದಕ್ಕೆ ಅದೇ ಕಾರಣವಿರಬೇಕು ಎಂದು ಆಮೇಲೆ ಬಹಳ ದಿನ ನನ್ನನ್ನೇ ಬೈದುಕೊಂಡೆ.

ಖಣಿಯಲ್ಲಿ ನನ್ನ ಕಚೇರಿಯ ಕಿಟಕಿಯೆದುರಿಗೇ ಒಂದು ಬೇವಿನ ಮರವಿತ್ತು. ಕಲ್ಲು ಹೊರುವ ಹೆಣ್ಣುಮಕ್ಕಳು ತಮ್ಮ ಕೂಸುಗಳನ್ನು ಆ ಮರದ ಬೇರಿಗೆ ಹಳೆ ಸೀರೆಯ ತುಂಡಿನಿಂದ ಕಟ್ಟಿ ಕೆಳಗಿಳಿಯುತ್ತಿದ್ದರು. ಒಮ್ಮೆ ಒಂದು ಕೂಸು ಗಂಟು ಬಿಚ್ಚಿಕೊಂಡು ಖಣಿಯ ಅಂಚಿನವರೆಗೆ ಅಂಬೆಗಾಲಿಟ್ಟು ಹೋಗಿತ್ತು. ಆಮೇಲೆ ಗುತ್ತೇದಾರರು ತೆಂಗಳಿಯ ಮಲ್ಲಮ್ಮ ಎಂಬ ಮುದುಕಿಯನ್ನು ಕೂಸುಗಳನ್ನು ಕಾಯಲು ಇಟ್ಟರು. ಅವಳೂ ಇಪ್ಪತ್ತು ವರ್ಷ ಕಲ್ಲು ಹೊತ್ತವಳೇ. ಸೊಂಟ ಹಿಡಿದು ಮೇಲೇಳಲಾರದಂತಾಗಿದ್ದಳು. ಮಕ್ಕಳು ಅವಳನ್ನು ಮಲ್ಲಮ್ಮಾಯಿ ಎನ್ನುತ್ತಿದ್ದವು. ನಾನು ಮಾತ್ರ ಅವಳನ್ನು ಗದ್ದಲ ಎಂದು ಕರೆಯುತ್ತಿದ್ದೆ. ಹನ್ನೆರಡು ಮಕ್ಕಳ ಗಲಾಟೆಯಲ್ಲಿ ಹಾಜರಿ ಬರೆಯುವುದೆಂದರೆ ಸಂತೆಯಲ್ಲಿ ಕುಳಿತು ಜಪ ಮಾಡಿದಂತೆ. ಅದೂ ಅಲ್ಲದೆ ಆ ಮುದುಕಿ ಒಡೆದ ಕಲ್ಲು, ಗಡಿಗೆಯ ಚೂರು, ಜೋಳದ ದಂಟು ಹರವಿಕೊಂಡು ತಾನೂ ಮಕ್ಕಳ ಜೊತೆ ಆಡುವುದು ಕಂಡು ನನಗೆ ಮೈ ಉರಿಯಿತು. ಗುತ್ತೇದಾರರು ವಾಡಿ ಊರಿನಿಂದ ಬಂದಾಗ ಹೇಳಿಬಿಟ್ಟೆ. "ಸಾವ್ಕಾರ್ರ, ಆ ಮುದುಕಿ ಕೂಸು ಕಾಯಾಂಗಿಲ್ರಿ, ಕುಂತು ಆಟ ಆಡ್ತಾಳ." ಅವರು ರೈಲಿನ ಅವಸರದಲ್ಲಿದ್ದರು. "ಎಂಟು ದಿನ ಬಿಟ್ಟು ಬರ್ತೀನಿ. ನೀವು ಹೇಳಿದ್ದು ಖರೆ ಇದ್ರ ಆಕಿನ್ನ ಊರಿಗಿ ಕಳಸಮಿ" ಎಂದು ಹೊರಟುಹೋದರು. ಆ ರಾತ್ರಿ ಊಟಕ್ಕೆ ಕುಳಿತಾಗ ಇದನ್ನೆಲ್ಲ ಗೌರಮ್ಮನಿಗೂ ಹೇಳಿ ಬೀಗಿದೆ; ನೀಲಾ ಪಕ್ಕದಲ್ಲೇ ರೊಟ್ಟಿ ತಿನ್ನುತ್ತಿದ್ದಳು.

ಎರಡನೆಯ ದಿನವೇ ಗೌರಮ್ಮ ತನ್ನ ಅಕ್ಕನ ಬಾಣಂತನಕ್ಕೆಂದು ಚಿತ್ತಾಪುರಕ್ಕೆ ಹೋಗಬೇಕಾಯಿತು. ಬಾಣಂತಿಯ ಮನೆಗೆ ಇನ್ನೊಂದು ಕೂಸು ಬೇಡವೆಂದು ನೀಲಾಳನ್ನು ನನ್ನ ಬಳಿಯೇ ಬಿಟ್ಟಳು. ಮಗಳನ್ನು ಖಣಿಗೆ ಕರೆದೊಯ್ದು ಕಚೇರಿಯಲ್ಲಿ ಕೂರಿಸಿದೆ. ಒಂದು ತಾಸಿನೊಳಗೆ ದೌತಿಯ ಮಸಿ ಹಾಜರಿ ಪುಸ್ತಕದ ಮೇಲೆ ಹರಿದು, ಆ ದಿನ ಯಾರು ಬಂದಿದ್ದರು, ಯಾರು ಬಂದಿರಲಿಲ್ಲ ಎಂಬುದು ದೇವರಿಗೇ ಬಿಟ್ಟ ವಿಷಯವಾಯಿತು. ನಾನು ಪುಸ್ತಕ ಒರೆಸುವುದರೊಳಗೆ ನೀಲಾ ಬೇವಿನ ಮರದ ಕೆಳಗಿದ್ದಳು. ಕರೆದೆ, ಬರಲಿಲ್ಲ. ಬರದಿದ್ದದ್ದು ನನಗೆ ಅನುಕೂಲವೇ ಆಗಿತ್ತೆಂದು ಒಪ್ಪಿಕೊಳ್ಳುವುದು ಒಳ್ಳೆಯದು.

ಐದನೆಯ ದಿನ ಸಂಜೆ ಮನೆಯಲ್ಲಿ ಅಡಿಗೆ ಮಾಡಹೋಗಿ ನನ್ನ ಕೈಯಿಂದ ತೊಗರಿಯ ಡಬ್ಬಿ ಕಡಲೆಯ ಮೊರದಲ್ಲಿ ಬಿತ್ತು. ಎರಡೂ ಬೆರೆತು ಹೋದವು. ನಾನು ಹಣೆ ಹಿಡಿದುಕೊಂಡು ಕುಳಿತೆ. ನೀಲಾ ಬಂದು ಮೊರದ ಮುಂದೆ ಚಕ್ಕಳಬಕ್ಕಳ ಹಾಕಿ ಕುಳಿತಳು. ಎರಡು ಬೆರಳಲ್ಲಿ ಒಂದೊಂದೇ ಕಾಳು ಎತ್ತಿ, ಬೇರೆ ಬೇರೆ ಕುಪ್ಪೆ ಹಾಕತೊಡಗಿದಳು. "ಒಂದ, ಎರಡ, ಮೂರ..." ಹತ್ತು ಆದೊಡನೆ ಒಂದು ಹುಣಸೆ ಬೀಜ ಪಕ್ಕಕ್ಕಿಟ್ಟು ಮತ್ತೆ ಒಂದರಿಂದ ಶುರು. ಬಳಪ ತಿನ್ನುತ್ತಿದ್ದ ಮಗಳು.

"ಯಾವುದು ಕಡ್ಲಿ ಅಂತ ಹ್ಯಾಂಗ ಗೊತ್ತಾಗ್ತದ ನಿನಗ?" ಎಂದೆ.

"ಕಡ್ಲಿಗಿ ಮೂಗದ. ತೊಗರಿಗಿ ಇಲ್ಲ" ಎಂದಳು ತಲೆಯೆತ್ತದೆ.

ಒಂದು ಕಾಳು ಎತ್ತಿ ದೀಪದ ಕಡೆ ಹಿಡಿದು ನೋಡಿದೆ. ನಿಜಕ್ಕೂ ಮೂಗಿತ್ತು. ಮೂವತ್ತೆರಡು ವರ್ಷದಿಂದ ಕಡಲೆ ತಿನ್ನುತ್ತಿದ್ದೇನೆ, ಅದರ ಮೂಗನ್ನು ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಹಾಜರಿ ಬರೆಯುವುದು ಬಿಟ್ಟು ಮರದ ಕೆಳಗೆ ಹೋದೆ. ಎರಡು ವರ್ಷದ ಎರಡು ಕೂಸುಗಳು ತೆಂಗಿನ ಚಿಪ್ಪಿನಿಂದ ಗಡಿಗೆಗೆ ನೀರು ಹೊಯ್ಯುತ್ತಿದ್ದವು. ಚೆಲ್ಲಿದ ನೀರಿಗೆ ಬೈಗುಳವಿರಲಿಲ್ಲ. ಅದರಲ್ಲಿ ಇನ್ನೊಂದು ಕೂಸು ಬೆರಳಿನಿಂದ ಗೆರೆ ಎಳೆಯುತ್ತಿತ್ತು. ಒಬ್ಬಳು ಬೇವಿನ ಎಲೆಗಳನ್ನು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸುತ್ತಿದ್ದಳು. ಜೋಳದ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡಿಗೆ ಸಿಪ್ಪೆಯ ಕಡ್ಡಿ ಚುಚ್ಚಿ ಮಾಡಿದ ಬಂಡಿಗಳು ಸಾಲಾಗಿ ನಿಂತಿದ್ದವು. ಮಲ್ಲಮ್ಮಾಯಿ ಯಾರಿಗೂ ಏನೂ ಹೇಳಿಕೊಡುತ್ತಿರಲಿಲ್ಲ. ಕೇಳಿದರೆ ಮಾತ್ರ ಕೈ ಹಾಕುತ್ತಿದ್ದಳು. ನೀಲಾಳ ಮುಂದೆ ನೆಲಕ್ಕೆ ಹಾಸುವ ಒಂದು ಒಡೆದ ಫರಸಿ ಕಲ್ಲಿತ್ತು, ಏಳು ಚೂರು. ಅವನ್ನು ಮತ್ತೆ ಕೂಡಿಸಿ ಒಂದೇ ಕಲ್ಲು ಮಾಡಬೇಕು. ನಾನು ಮುಂದೆ ಬಿದ್ದು ಎರಡು ಚೂರು ಎತ್ತಿ ಹೊಂದಿಸಲು ನೋಡಿದೆ. ಹೊಂದಲಿಲ್ಲ. ಒತ್ತಿದೆ.

"ಜಬರದಸ್ತಿ ಮಾಡಬ್ಯಾಡ್ರಿ ಮುನ್ಶಿ ಸಾಹೇಬ್ರ" ಎಂದಳು ಮುದುಕಿ. "ಕಲ್ಲು ಒತ್ತಿದ್ರ ಕೂಡಾಂಗಿಲ್ರಿ. ಅದರ ಅಂಚಿನ ಮ್ಯಾಲ ಕೈ ಆಡಸ್ರಿ. ತನ್ನ ಜೋಡಿ ಯಾವುದು ಅಂತ ಅದೇ ಹೇಳ್ತದ."

ನೀಲಾ ನನ್ನ ಕೈಯಿಂದ ಚೂರು ಕಸಿದುಕೊಂಡು, ಅಂಚು ಸವರಿ, ತಿರುಗಿಸಿ ಇಟ್ಟಳು. ಟಕ್ಕೆಂದು ಕೂತಿತು. ಇಷ್ಟು ದಿನ ಪಾಟಿಯ ಮುಂದೆ ನಾನು ಒತ್ತುತ್ತಿದ್ದದ್ದು ಏನನ್ನು ಎಂಬುದು ಆಗ ತಿಳಿಯಿತು. ತಿಳಿದ ಮರುಗಳಿಗೆಯಲ್ಲೇ ಗುತ್ತೇದಾರರಿಗೆ ಹೇಳಿದ ಮಾತೂ ನೆನಪಾಯಿತು.

ಗುತ್ತೇದಾರರು ಹೇಳಿದ ದಿನಕ್ಕೇ ಬಂದರು. ನಾನು ಸ್ಟೇಷನ್ನಿಗೇ ಹೋಗಿ, "ಸಾವ್ಕಾರ್ರ, ನಾ ಅಂದಿದ್ದು ತಪ್ಪಾಗ್ಯದ್ರಿ. ಮುದುಕಿ ಭಾಳ ಚಲೋ ಕೆಲಸ ಮಾಡ್ಲಿಕತ್ತಾಳ" ಎಂದೆ. ಅವರು ನನ್ನ ಮುಖ ನೋಡಿ, "ಹೋದ ವಾರ ಖರೆ ಹೇಳಿದ್ರೋ, ಈ ವಾರ ಖರೆ ಹೇಳಾಕತ್ತೀರೋ?" ಎಂದು ನೇರ ಮರದ ಕಡೆ ನಡೆದರು. ಅವರಿಗೆ ಕಡಲೆಯ ಮೂಗಿನ ಬಗ್ಗೆ ಹೇಳಿದೆ. ನಡಿಗೆ ನಿಧಾನವಾಗಲಿಲ್ಲ.

"ಏನವ್ವ, ಕೂಸು ಕಾಯಿ ಅಂದ್ರ ಆಟ ಆಡ್ತಿ ಅಂತಲ್ಲ?" ಎಂದರು.

ಮಲ್ಲಮ್ಮಾಯಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. "ಹೌದ್ರಿ ಧಣಿ, ಆಡ್ತೀನಿ. ಕೈಗಿ ಕೆಲಸ ಕೊಟ್ರ ಕೂಸು ಅಳಾಂಗಿಲ್ರಿ. ಕೂಸು ಅತ್ತರ ಕೆಳಗಿದ್ದ ತಾಯಿ ಮ್ಯಾಲ ನೋಡ್ತಾಳ್ರಿ. ತಲಿ ಮ್ಯಾಲ ಕಲ್ಲು ಹೊತ್ತಾಕಿ ಮ್ಯಾಲ ನೋಡಿದ್ರ ಕಾಲು ಜಾರ್ತದ. ನನ್ನ ಸೊಂಟ ಹೋಗಿದ್ದು ಹಂಗೇರಿ."

ಗುತ್ತೇದಾರರು ಖಣಿಯ ಅಂಚಿಗೆ ಹೋಗಿ ಕೆಳಗೆ ನೋಡಿದರು. ಹೆಣ್ಣುಮಕ್ಕಳು ಸಾಲಾಗಿ ಏರಿ ಬರುತ್ತಿದ್ದರು. ಒಬ್ಬಳೂ ಮರದ ಕಡೆ ಕತ್ತೆತ್ತಲಿಲ್ಲ. ಕೊನೆಗೆ, "ಇಲ್ಲೊಂದು ಚಪ್ಪರ ಹಾಕಸ್ರಿ ಮುನ್ಶಿಯವರ. ಬಿಸಲು ಭಾಳ ಅದ" ಎಂದು ಹೊರಟರು.

ಆದರೆ ಚಾಡಿ ಹೇಳಿದವನು ನಾನೇ ಎಂಬುದು ಅವಳಿಗೆ ತಿಳಿಯದೆ ಉಳಿದರೆ ನನ್ನ ಮನಸ್ಸಿಗೆ ಸಮಾಧಾನವಿರಲಿಲ್ಲ. ಎರಡು ದಿನ ಮಾತು ಹೊಂದಿಸಿಕೊಂಡು ಹೋಗಿ, "ಆಯಿ, ನಿನ್ನ ಮ್ಯಾಲ ಹೇಳಿದಾಂವ..." ಎಂದು ತೊಡಗಿದೆ.

"ನೀವೇ ಅಂತ ಗೊತ್ತದ್ರಿ" ಎಂದಳು. "ಮೊದಲ ದಿನನೇ ನಿಮ್ಮ ಮಗಳು ಹೇಳ್ಯಾಳ. ಭಾಳ ಶಾಣ್ಯಾ ಕೂಸದ, ಕೇಳಿದ್ದು ಒಂದೂ ಮರಿಯಾಂಗಿಲ್ಲ." ಹಾಗಾದರೆ ಅಷ್ಟೂ ದಿನ, ನನ್ನ ಬಗ್ಗೆ ಎಲ್ಲ ಗೊತ್ತಿದ್ದೂ, ನನ್ನ ಮಗಳಿಗೆ ಕಾಳಿನ ಮೂಗು ತೋರಿಸಿದ್ದಳು. ಅವಳು ಒಂದು ಮುದ್ದೆ ಕರಿಮಣ್ಣು ನನ್ನ ಕೈಗೆ ಹಾಕಿ, "ಕುಂದ್ರಿ. ನಾಳಿಗಿ ಮಣ್ಣೆತ್ತಿನ ಅಮಾಸಿ. ಹುಡುಗೂರ ಸಂಗಡ ಒಂದು ಎತ್ತು ಮಾಡ್ರಿ" ಎಂದಳು.

ಕುಳಿತೆ. ಧೋತರಕ್ಕೆಲ್ಲ ಮಣ್ಣು ಮಾಡಿಕೊಂಡು ಒಂದು ತಾಸು ದುಡಿದೆ. ಕಾಲು ಹಚ್ಚಿದರೆ ಹೊಟ್ಟೆ ಜಾರುತ್ತಿತ್ತು, ಹೊಟ್ಟೆ ಹಿಡಿದರೆ ಕೋಡು ಬೀಳುತ್ತಿತ್ತು. ಕೊನೆಗೆ ನನ್ನ ಎತ್ತನ್ನೂ ಮಕ್ಕಳ ಎತ್ತುಗಳ ಸಾಲಿನಲ್ಲಿಟ್ಟಾಗ ಮಕ್ಕಳು ಸುತ್ತ ನೆರೆದವು. ಒಂದು ಅದನ್ನು ಆಮೆ ಎಂದಿತು. ಇನ್ನೊಂದು ಬದನೆಕಾಯಿ ಎಂದಿತು. ನೀಲಾ ಮಾತ್ರ ನನ್ನ ಮುಖ ನೋಡಿದಳು, ಎತ್ತನ್ನು ನೋಡಿದಳು, ಆಮೇಲೆ ಮಕ್ಕಳ ಕಡೆ ತಿರುಗಿ ಗಂಭೀರವಾಗಿ ಹೇಳಿದಳು.

"ಅದು ಎತ್ತೇ ಅದ. ಮಲಕೊಂಡದ. ಅಪ್ಪ ನಾಳಿಗಿ ಎಬ್ಬಸ್ತಾನ."